ದಕ್ಷಿಣ ಸುಡಾನಿನ ಮಲಕಾಲಿಗೆ ಹೊರಟ ಮಗಳಿಗೆ, ಶ್ರೀಲಂಕಾದ ಜಾಫ್ನಾ ನೋಡಿ ಬಂದ ಅಪ್ಪನಿಂದ

ಅವ್ವಾ,

ನಿನ್ನ ಮೆಸೇಜು ನೋಡಿದೆ. ಹದಿನೆಂಟನೇ ತಾರೀಕು ದೆಹಲಿಯಿಂದ ವಿಮಾನ, ಕಳಿಸೋಕೆ ಯಾರೂ ಬರಬೇಡಿ, ಆ ಗದ್ದಲದಲ್ಲಿ ಮಾತಾಡೋಕೂ ಆಗಲ್ಲ ಅಂತ ಬರೆದಿದ್ದೀಯ. ಸರಿ, ಬರುವುದಿಲ್ಲ. ನಿಮ್ಮವ್ವ ಅವತ್ತೆಲ್ಲ ಮಾತು ಬಿಟ್ಟಿದ್ದಳು. ಈಗ ರೊಟ್ಟಿ ಬಡಿಯುತ್ತಿದ್ದಾಳೆ. ಫೋನಿನಲ್ಲಿ ನಾವಿಬ್ಬರೂ ಬಿಪಿ ಗುಳಿಗೆ, ಮಳೆ, ಕಡಲೆ ರೇಟು ದಾಟಿ ಮುಂದೆ ಹೋಗುವುದಿಲ್ಲ. ಅದಕ್ಕೇ ಬರೆಯಲು ಕೂತೆ.

ದೀಪಾವಳಿ ರಾತ್ರಿ ಊಟದ ಹೊತ್ತಿಗೆ ಆದದ್ದನ್ನು ಮತ್ತೆ ಎತ್ತುವುದಿಲ್ಲ. ನೀನು ಕೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ. ‘ನೀವು ಶ್ರೀಲಂಕಾಕ್ಕೆ ಹೋಗಿದ್ದೂ ಪೀಸ್ ಕೀಪಿಂಗಿಗೇ ಅಲ್ವಾ ಅಪ್ಪ, ಹೇಗಿತ್ತು?’ ಅಂದೆ, ಅಷ್ಟೇ. ತಟ್ಟೆ ಬಿಟ್ಟು ಎದ್ದವನು ನಾನು. ನಿನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿಯೂ ನೋಡದವನ ಹಾಗೆ ಕೈ ತೊಳೆಯಲು ಹೋದೆ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಬೇಡ.

ಇನ್ನೊಂದು ವಿಷಯ. ಹೋದ ತಿಂಗಳು ರೆಜಿಮೆಂಟಿನ ಗೆಳೆಯನ ಮಗನ ಮದುವೆಗೆ ಬೆಂಗಳೂರಿಗೆ ಹೋಗಿದ್ದೆನಲ್ಲ. ಮದುವೆ ಒಂದೇ ದಿನ. ಅಲ್ಲಿಂದ, ಸೈನ್ಯದಲ್ಲಿ ರಸ್ತೆ, ಸೇತುವೆ, ನೆಲಬಾಂಬಿನ ಕೆಲಸ ಮಾಡಿದ ನಾವು ಮೂವರು ಹಳೆಯ ಸ್ಯಾಪರ್‌ಗಳು ಚೆನ್ನೈಗೆ ಹೋಗಿ ಜಾಫ್ನಾ ವಿಮಾನ ಹತ್ತಿದೆವು. ನಿಮ್ಮವ್ವನಿಗೆ ಗೊತ್ತಿತ್ತು. ನಿನಗೆ ಹೇಳಬೇಡ ಅಂದವನು ನಾನೇ.

ಒಂದೂಕಾಲು ಗಂಟೆಯ ದಾರಿ. ಸಣ್ಣ ಪ್ರೊಪೆಲರ್ ವಿಮಾನ. ಇಳಿದದ್ದು ಅದೇ ಪಲಾಲಿಯಲ್ಲಿ. 2019ರಿಂದ ಅದಕ್ಕೆ ಜಾಫ್ನಾ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಅನ್ನೋ ಹೆಸರು. ಪಾಸ್‌ಪೋರ್ಟ್ ನೋಡುವ ಹುಡುಗ ‘ಮೊದಲ ಸಲವಾ?’ ಅಂತ ತಮಿಳಿನಲ್ಲಿ ಕೇಳಿದ. ನನ್ನ ಜೊತೆಗಿದ್ದ ಇಬ್ಬರೂ ನನ್ನ ಮುಖ ನೋಡಿದರು. ನಾನು ಹೌದು ಅಂದೆ. ಪಾಸ್‌ಪೋರ್ಟ್ ತೋರಿಸಿ ಬಂದದ್ದು ಮೊದಲ ಸಲವೇ ಅಲ್ವಾ, ಸುಳ್ಳೇನಲ್ಲ.

1987ರ ಆಗಸ್ಟ್‌ನಲ್ಲಿ ನಾವು ಅಲ್ಲಿಗೆ ವಾಯುಪಡೆಯ ಎಎನ್-32 ವಿಮಾನದಲ್ಲಿ, ನಮ್ಮ ನಮ್ಮ ಕಿಟ್ ಮೇಲೆ ಕೂತು ಬಂದಿದ್ದೆವು. ಆ ವರ್ಷ ಜೂನ್ 4ರಂದು ಇದೇ ಜಾತಿಯ ಐದು ವಿಮಾನ ಬೆಂಗಳೂರಿನಿಂದ ಹೊರಟು ಜಾಫ್ನಾ ಮೇಲೆ 25 ಟನ್ ರೇಷನ್ ಉದುರಿಸಿ ಬಂದಿದ್ದವು. ಅಕ್ಕಿ ಹಾಕಿದವರ ಸೈನ್ಯ ಬಂತು ಅಂತ ಜನ ರಸ್ತೆಗೇ ಬಂದರು. ಹೂವಿನ ಹಾರ, ಎಳನೀರು, ಲಾರಿ ಹಿಂದೆ ಓಡುವ ಹುಡುಗರು. ನನಗಾಗ ಇಪ್ಪತ್ತೊಂದು ವರ್ಷ. ನಮ್ಮೂರಿನಲ್ಲಿ ನನ್ನ ಕೊರಳಿಗೆ ಯಾರೂ ಹಾರ ಹಾಕಿರಲಿಲ್ಲ.

ಭಾರತ-ಶ್ರೀಲಂಕಾ ಒಪ್ಪಂದ, ರಾಜೀವ್ ಗಾಂಧಿ, ಅಲ್ಲಿಯ ಅಧ್ಯಕ್ಷ ಜಯವರ್ಧನೆ, ಇದನ್ನೆಲ್ಲ ನೀನು ನನಗಿಂತ ಚೆನ್ನಾಗಿ ಓದಿದ್ದೀಯ. ಬಾವಿಯ ವಿಷಯ ಮಾತ್ರ ನಿನಗೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಅದನ್ನು ಹೇಳುತ್ತೇನೆ.

ಜಾಫ್ನಾದಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಕೆಂಪು ಮಣ್ಣು, ಅದರಡಿ ಸುಣ್ಣದ ಕಲ್ಲು, ಆ ಕಲ್ಲಿನೊಳಗೆ ನೀರು. ಮನೆಮನೆಗೂ ಬಾವಿ. ಹೊಗೆಸೊಪ್ಪು, ಈರುಳ್ಳಿ, ಮೆಣಸಿನಕಾಯಿ ಎಲ್ಲ ಬಾವಿ ನೀರಿನ ಮೇಲೆಯೇ. ಪಲಾಲಿಯಿಂದ ಜಾಫ್ನಾ ಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿ ಉರುಂಪಿರಾಯ್ ಅಂತ ಒಂದು ಊರು. ಅಲ್ಲಿ ಒಳಗಿನ ಓಣಿಯೊಂದರಲ್ಲಿ ನಮ್ಮ ಸೆಕ್ಷನ್‌ಗೆ ಕೆಲಸ. ಸಿಂಹಳ ಸೈನ್ಯ ಹೂತ ನೆಲಬಾಂಬು, ಹುಡುಗರು ಹೂತ ನೆಲಬಾಂಬು, ಎರಡೂ ತೆಗೆಯಬೇಕು, ಜನ ಮನೆಗೆ ವಾಪಸ್ ಬರಬೇಕು. ಅಲ್ಲಿ ಎಲ್‌ಟಿಟಿಇಯವರನ್ನು ಜನ ‘ಹುಡುಗರು’ ಅಂತಲೇ ಕರೆಯುತ್ತಿದ್ದರು. ನಾವೂ ಹಾಗೇ ಕರೆಯುತ್ತಿದ್ದೆವು. ಹೊಟ್ಟೆ ಮೇಲೆ ಮಲಗಿ ಪ್ರಾಡರ್ ಸಲಾಕೆಯಿಂದ ಮಣ್ಣು ಚುಚ್ಚುತ್ತಾ ಹೋಗೋದು. ನಿನಗೆ ಗೊತ್ತಿರುವ ಕೆಲಸವೇ.

ಆ ಓಣಿಯ ಕೊನೆಗೆ ತಾಳೆಗರಿ ಬೇಲಿ ಹಾಕಿದ ಒಂದು ಮನೆ. ಅಲ್ಲೊಬ್ಬ ಅಜ್ಜಿ, ಎಲ್ಲರೂ ಆಚ್ಚಿ ಅನ್ನುತ್ತಿದ್ದರು. ಅವರ ಬಾವಿಗೆ ಎತ್ತರದ ಕಟ್ಟೆ, ರಾಟೆ, ಹಗ್ಗ, ತಗಡಿನ ಕೊಡ. ಮಧ್ಯಾಹ್ನ ನಾವು ಹೋಗಿ ನೀರು ಸೇದಿಕೊಳ್ಳುತ್ತಿದ್ದೆವು. ರೆಜಿಮೆಂಟಿನಲ್ಲಿ ಕಲಿತ ನನ್ನ ತಮಿಳು ಕೇಳಿ ಅವರಿಗೆ ನಗು. ತಾಳೆಬೆಲ್ಲದ ತುಂಡು ಕೊಟ್ಟು, ‘ನಿಮ್ಮಮ್ಮ ಇದ್ದಾಳಾ? ಕಾಗದ ಬರೀತೀಯಾ?’ ಅಂತ ದಿನಾ ಕೇಳುತ್ತಿದ್ದರು. ಬರೀತೀನಿ ಅಂತ ದಿನಾ ಸುಳ್ಳು ಹೇಳುತ್ತಿದ್ದೆ.

ಸೆಪ್ಟೆಂಬರ್‌ನಲ್ಲಿ ನಲ್ಲೂರು ದೇವಸ್ಥಾನದ ಎದುರು ಎಲ್‌ಟಿಟಿಇಯ ತಿಲೀಪನ್ ಅನ್ನೋ ಹುಡುಗ ನೀರೂ ಮುಟ್ಟದೆ ಉಪವಾಸ ಕೂತ. ಬೇಡಿಕೆ ಇಟ್ಟದ್ದು ನಮ್ಮ ಸರ್ಕಾರದ ಮುಂದೆ. 26ರಂದು ಸತ್ತ. ಅದಾಗಿ ಎರಡೋ ಮೂರೋ ದಿನಕ್ಕೆ ನಾವು ಬಾವಿಗೆ ಹೋದರೆ ರಾಟೆಯಲ್ಲಿ ಹಗ್ಗ ಇಲ್ಲ. ಕೊಡವೂ ಇಲ್ಲ. ಮನೆ ಬಾಗಿಲು ಹಾಕಿತ್ತು, ಒಳಗೆ ಜನ ಇದ್ದರು, ಹೊಗೆ ಬರುತ್ತಿತ್ತು. ನಮ್ಮ ಹವಾಲ್ದಾರ್ ‘ಹಗ್ಗ ಹರಿದಿರಬೇಕು’ ಅಂದರು. ಮರುದಿನ ಲಾರಿಯಿಂದ ನಮ್ಮದೇ ಹಗ್ಗ ತಂದು ನೀರು ಸೇದಿದೆವು. ನಗುತ್ತಲೇ ಸೇದಿದೆವು.

ಅಕ್ಟೋಬರ್ ಎರಡನೇ ವಾರಕ್ಕೆ ಆ ಹುಡುಗರ ಜೊತೆಗೇ ಯುದ್ಧ. ಪಲಾಲಿಯಿಂದ ಸುಮಾರು 16 ಕಿಲೋಮೀಟರ್ ದೂರದ ಜಾಫ್ನಾ ಪಟ್ಟಣಕ್ಕೆ ತಲುಪಿ ಅದನ್ನು ಹಿಡಿಯಲು ಎರಡು ವಾರ ಹಿಡಿಯಿತು. ರಸ್ತೆಯಡಿ ಹೂತ ಬಾಂಬಿನ ವೈರು ಬೇಲಿ ದಾಟಿ ಯಾರದೋ ಹಿತ್ತಲಿಗೆ ಹೋಗಿರುತ್ತಿತ್ತು. ಒತ್ತುವವನು ಅಲ್ಲಿ. ನಾವು ತಿಂಗಳುಗಟ್ಟಲೆ ಓಡಾಡಿದ ಓಣಿಗಳು ಅವು. ಆ ಹವಾಲ್ದಾರ್ ಹೋದದ್ದು ಆಗಲೇ.

ಆ ಹಗ್ಗ ಯಾಕೆ ತೆಗೆದರು? ಮೂವತ್ತೆಂಟು ವರ್ಷದಿಂದ ಇದೊಂದು ತಲೆಯಲ್ಲಿ ತಿರುಗುತ್ತಿದೆ. ಇನ್ನು ಬರಬೇಡಿ ಅಂತ ಸಿಟ್ಟಿಗೆ ತೆಗೆದರಾ? ನಮಗೆ ನೀರು ಕೊಡುವವರನ್ನು ಹುಡುಗರು ಬಿಡುವುದಿಲ್ಲ ಅಂತ ಹೆದರಿದರಾ? ಇಲ್ಲಾ, ಈ ಓಣಿಗೆ ಕಾಲಿಡಬೇಡ ತಂಬಿ ಅಂತ ಬಾಯಲ್ಲಿ ಹೇಳಲಾಗದೆ ಹಗ್ಗದಲ್ಲಿ ಹೇಳಿದರಾ? ಒಮ್ಮೊಮ್ಮೆ ನಿಜಕ್ಕೂ ಹರಿದಿತ್ತೇನೋ ಅಂತಲೂ ಅನಿಸುತ್ತದೆ. ಆದರೆ ಹರಿದಿದ್ದರೆ ಕೊಡ ಬಾವಿಯಲ್ಲಿ ಬಿದ್ದಿರಬೇಕಿತ್ತು. ನಾನು ಬಗ್ಗಿ ನೋಡಿದ್ದೆ, ಇರಲಿಲ್ಲ. ಕೊಡದ ಕಂಠದಲ್ಲಿ ಒಂದು ಕಡೆ ತಗ್ಗು ಬಿದ್ದಿತ್ತು, ಈಗಲೂ ಕೈಗೆ ನೆನಪಿದೆ. ನೋಡು, ಮತ್ತೆ ಅಲ್ಲೇ ತಿರುಗುತ್ತಿದ್ದೇನೆ. ನಿಮ್ಮವ್ವ ಈ ಕಥೆ ಶುರುವಾದರೆ ಎದ್ದು ಹೋಗುತ್ತಾಳೆ.

ಈಗ ಹೋದಾಗ ಆ ಮನೆ ಸಿಗಲಿಲ್ಲ. ಓಣಿಗೆ ಕಾಂಕ್ರೀಟ್ ಬಿದ್ದಿದೆ, ಗರಿ ಬೇಲಿ ಇದ್ದಲ್ಲಿ ಸಿಮೆಂಟ್ ಗೋಡೆ. ಒಂದು ಅಂಗಡಿಯವರನ್ನು ಕೇಳಿದೆ. ಐವತ್ತರ ಆಸುಪಾಸಿನ ಮನುಷ್ಯ. ನನ್ನ ತಮಿಳು ಕೇಳಿದ್ದೇ, ‘ಇಂಡಿಯನ್ ಆರ್ಮಿಯಾ?’ ಅಂದರು. ಈ ಸಲ ಸುಳ್ಳು ಹೇಳಲಿಲ್ಲ. ಕುರ್ಚಿ ಕೊಟ್ಟರು, ಚಹಾ ತರಿಸಿದರು. 1995ರ ಅಕ್ಟೋಬರ್ ಕೊನೆಗೆ ಸಿಂಹಳ ಸೈನ್ಯ ಬರುತ್ತಿದೆ ಅಂತ ಊರಿಗೆ ಊರೇ ಖಾಲಿಯಾಯಿತು, ಲಕ್ಷಗಟ್ಟಲೆ ಜನ ಒಂದೇ ರಸ್ತೆಯಲ್ಲಿ ನಡೆದು ಹೋದರು, ಎಷ್ಟೋ ಮನೆಯವರು ತಿರುಗಿ ಬರಲೇ ಇಲ್ಲ ಅಂದರು. ಯಾವ ಆಚ್ಚಿ, ಈ ಓಣಿಯಲ್ಲಿ ಎಲ್ಲ ಮನೆಯಲ್ಲೂ ಆಚ್ಚಿ ಇದ್ದರು ಅಂದರು. ಆಮೇಲೆ, ಚಿಲ್ಲರೆ ಎಣಿಸುತ್ತಲೇ, ತಮ್ಮ ಅಣ್ಣ 87ರ ಅಕ್ಟೋಬರ್‌ನಲ್ಲಿ ಶೆಲ್ ಬಿದ್ದು ಸತ್ತ ಅಂತ ಹೇಳಿದರು. ಯಾರ ಶೆಲ್ಲು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಚಹಾದ ದುಡ್ಡು ಮುಟ್ಟಲಿಲ್ಲ.

ಬಾವಿಗಳು ಇವೆ. ಎಲ್ಲದಕ್ಕೂ ಮೋಟರ್.

ಜಾಫ್ನಾ ಆಸ್ಪತ್ರೆ ಮುಂದೆಯೂ ನಿಂತು ಬಂದೆವು. 1987ರ ಅಕ್ಟೋಬರ್ 21ರಂದು, ದೀಪಾವಳಿ ದಿನ, ಅಲ್ಲಿ ನಮ್ಮ ಸೈನ್ಯದ ಗುಂಡಿಗೆ ಅರವತ್ತಕ್ಕೂ ಹೆಚ್ಚು ಜನ ಸತ್ತರು. ರೋಗಿಗಳು, ಡಾಕ್ಟರು, ನರ್ಸುಗಳು. ಒಳಗಿನಿಂದ ಹುಡುಗರು ಗುಂಡು ಹೊಡೆದರು ಅಂತ ನಮ್ಮವರು, ಸುಮ್ಮನೆ ಮಲಗಿದ್ದವರನ್ನು ಕೊಂದರು ಅಂತ ಅಲ್ಲಿಯವರು. ಆಸ್ಪತ್ರೆಯವರು ಇವತ್ತಿಗೂ ವರ್ಷ ವರ್ಷ ಅವರನ್ನು ನೆನೆಯುತ್ತಾರೆ. ನಾನು ಅವತ್ತು ಬೇರೆ ಕಡೆ ಇದ್ದೆ. ನೀನು ಕೇಳಿದ್ದು ದೀಪಾವಳಿ ರಾತ್ರಿಯೇ ಆಗಬೇಕಿತ್ತಾ ಅಂತ ಆಮೇಲೆ ಅನಿಸಿತು. ನಿನಗೆ ಹೇಗೆ ಗೊತ್ತಿರಬೇಕು.

ವಾಪಸ್ ಕೊಲಂಬೊ ಮೂಲಕ, ರೈಲಿನಲ್ಲಿ. ಯುದ್ಧದಲ್ಲಿ ಕಿತ್ತು ಹೋಗಿದ್ದ ಹಳಿಯನ್ನು ನಮ್ಮ ದೇಶದ ರೈಲ್ವೆ ಕಂಪನಿ ಇರ್ಕಾನ್‌ನವರು ಹೊಸದಾಗಿ ಹಾಕಿದ್ದು, 2014ರ ಅಕ್ಟೋಬರ್‌ನಲ್ಲಿ ಜಾಫ್ನಾಕ್ಕೆ ಮತ್ತೆ ಯಾಳ್ ದೇವಿ ರೈಲು ಬಂತು. ಹಳಿ ಚೆನ್ನಾಗಿದೆ, ಕುಲುಕಾಟ ಇಲ್ಲ, ನಾನು ಕಿಟಕಿಯಿಂದ ಜಲ್ಲಿ ನೋಡುತ್ತಲೇ ಬಂದೆ. ಸ್ಯಾಪರ್ ಬುದ್ಧಿ ಎಲ್ಲಿ ಹೋಗುತ್ತದೆ. ಕೊಲಂಬೊ ಪಕ್ಕದ ಕೋಟ್ಟೆಯಲ್ಲಿ, ಅವರ ಪಾರ್ಲಿಮೆಂಟ್ ಹತ್ತಿರ, ನಮ್ಮವರ ಸ್ಮಾರಕ ಇದೆ. ಕಪ್ಪು ಕಲ್ಲಿನ ಮೇಲೆ ಹೆಸರುಗಳು. ಸತ್ತ ನಮ್ಮವರು ಸಾವಿರದ ನೂರಕ್ಕೂ ಹೆಚ್ಚು. ಹವಾಲ್ದಾರ್ ಹೆಸರು ಹುಡುಕಿ ಸಲ್ಯೂಟ್ ಮಾಡಿದೆವು. 1990ರ ಮಾರ್ಚ್‌ನಲ್ಲಿ ಕೊನೆಯ ತಂಡ ಮದ್ರಾಸಿಗೆ ಬಂದಿಳಿದಾಗ ಆ ರಾಜ್ಯದ ಮುಖ್ಯಮಂತ್ರಿ ಸ್ವಾಗತಕ್ಕೆ ಬರಲಿಲ್ಲ. ನಮ್ಮನ್ನು ಸರಿಯಾಗಿ ಎದುರುಗೊಂಡು ಹೆಸರು ಕೆತ್ತಿಸಿದ್ದು ನಾವು ಬಿಟ್ಟು ಬಂದ ದೇಶ. ಯಾರಿಗೆ ಏನು ಹೇಳೋಣ.

ಈಗ ನಿನ್ನ ವಿಷಯ. ನಿನ್ನದು ವಿಶ್ವಸಂಸ್ಥೆಯ ಕೆಲಸ, ನೀಲಿ ಟೋಪಿ, ಯಾರ ಪರವೂ ಅಲ್ಲ, ಬರಹದಲ್ಲಿ ಎಲ್ಲ ಸ್ಪಷ್ಟ ಅಂತ ನೀನು ಹೇಳಿದ್ದು ನೆನಪಿದೆ. ಒಪ್ಪುತ್ತೇನೆ, ನಮ್ಮದು ಹಾಗಿರಲಿಲ್ಲ. ಆದರೂ 2013ರ ಏಪ್ರಿಲ್‌ನಲ್ಲಿ ಅದೇ ದಕ್ಷಿಣ ಸುಡಾನಿನಲ್ಲಿ, ಜೋಂಗ್ಲೆಯಲ್ಲಿ, ಹೊಂಚು ಹಾಕಿ ನಮ್ಮ ಐವರು ಸೈನಿಕರನ್ನು ಕೊಂದರಲ್ಲ. ಅವರ ತಲೆ ಮೇಲೂ ನೀಲಿ ಬಣ್ಣವೇ ಇತ್ತು. ಹೆದರಿಸೋಕೆ ಹೇಳುತ್ತಿಲ್ಲ. ನಾನೇ ಹೆದರಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ.

ನೀರಿನ ಹತ್ತಿರ ಕಣ್ಣಿಡು. ಮಲಕಾಲ್‌ನಲ್ಲಿ ನೈಲ್ ಇದೆ, ಬಾವಿಯ ಹಗ್ಗ ಇರಲಿಕ್ಕಿಲ್ಲ, ಬೋರ್ ಪಂಪ್ ಇರುತ್ತದೆ, ಟ್ಯಾಂಕರ್ ಇರುತ್ತದೆ. ದಿನಾ ಬರುವ ಹೆಂಗಸರು ಒಂದು ದಿನ ಬರದಿದ್ದರೆ ಯಾಕೆ ಅಂತ ಕೇಳು. ದುಭಾಷಿ ಹೇಳಿದ್ದನ್ನೇ ನಂಬಿ ಕೂರಬೇಡ, ಅವನೂ ಯಾವುದೋ ಒಂದು ಕಡೆಯವನೇ. ಮಕ್ಕಳಿಗೆ ಚಾಕೊಲೇಟ್ ಹಂಚಿ ಫೋಟೊ ತೆಗೆಸಿಕೊಳ್ಳಬೇಡ. ರಸ್ತೆ ಮಾಡುವಾಗ ಊರ ಹಿರಿಯರನ್ನು ಕೇಳದೆ ಒಂದು ಮರಕ್ಕೂ ಕೊಡಲಿ ಹಾಕಬೇಡ. ಅಲ್ಲಿಯದು ಎರೆ ನೆಲ ಅಂತ ಕೇಳಿದೆ. ನಮ್ಮ ನರಗುಂದದ ಹೊಲದಲ್ಲಿ ಮಳೆಗಾಲಕ್ಕೆ ಚಕ್ಕಡಿ ಹೂತದ್ದು ನೀನು ನೋಡಿ ಬೆಳೆದವಳು. ಎರೆ ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಹೂತದ್ದು ಹೂತಲ್ಲೇ ಇರುವುದಿಲ್ಲ. ಹೋದ ವರ್ಷ ಕ್ಲಿಯರ್ ಆಗಿದೆ ಅಂತ ನಕ್ಷೆ ಹೇಳಿದರೆ, ಅದರ ಮೇಲೆ ಎಷ್ಟು ಮಳೆ ಆಗಿದೆ ಅಂತ ಕೇಳು. ಗರಸು ಎಷ್ಟು ಹಾಕಿದರೂ ಅಡಿಯಲ್ಲಿ ನೀರು ಹೋಗಲು ದಾರಿ ಬಿಡದಿದ್ದರೆ ರಸ್ತೆ ನಿಲ್ಲದು. ಕಲ್ವರ್ಟ್‌ನ ಎರಡೂ ಬಾಯಿ ದಿನಾ ಬೆಳಿಗ್ಗೆ ನೋಡಿಸು, ನೋಡಲು ಹೋಗುವ ಹುಡುಗ ಹೊಸಬನಾಗಿದ್ದರೆ ನೀನೂ ಜೊತೆಗೆ ಹೋಗು. ಸೊಳ್ಳೆ ಪರದೆ. ಮಲೇರಿಯಾ ಗುಳಿಗೆ ತಪ್ಪಿಸಬೇಡ.

ಉದ್ದ ಆಯಿತು ಅಲ್ವಾ. ಮೂವತ್ತು ಜನ ನಿನ್ನ ಮಾತಿಗೆ ನಿಲ್ಲುತ್ತಾರೆ, ನಿನಗೆ ಈ ಸುಬೇದಾರ್ ಪಾಠ ಬೇಕಿಲ್ಲ. ನಿನ್ನ ಕಂಪನಿಯ ಸುಬೇದಾರ್ ಸಾಹೇಬರ ಮಾತು ಕೇಳು, ಸಾಕು. ಅವರಿಗೆ ನನ್ನ ರಾಮ್ ರಾಮ್ ಹೇಳು. ನೀನು ಆಫೀಸರಾದ ಚೆನ್ನೈ ಪರೇಡ್ ದಿನದ್ದನ್ನು ನಾನು ಬಾಯಿಬಿಟ್ಟು ಹೇಳಿಲ್ಲ. ಹೇಳುವುದೂ ಇಲ್ಲ, ನಿಮ್ಮವ್ವ ಊರೆಲ್ಲ ಹೇಳಿ ಮುಗಿಸಿದ್ದಾಳೆ.

ಅಲ್ಲಿ ಹೇಗಿದೆ ಅಂತ ನಾನು ಕೇಳಿದಾಗ ಸುಮ್ನೆ ‘ಚೆನ್ನಾಗಿದೆ ಅಪ್ಪ’ ಅನ್ನಬೇಡ. ನಮ್ಮವ್ವನಿಗೆ ನಾನು ಎರಡೂವರೆ ವರ್ಷ ಅದನ್ನೇ ಬರೆದೆ. ಬರೆದಾಗ.

ಡಬ್ಬಿ ಇದರ ಜೊತೆಗೇ ಸ್ಪೀಡ್ ಪೋಸ್ಟಿನಲ್ಲಿ ಬರುತ್ತದೆ. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಬೇರೆ ಪೊಟ್ಟಣ. ಉಪ್ಪಿನಕಾಯಿ ವಿಮಾನದಲ್ಲಿ ಸೋರುತ್ತದೆ ಅಂತ ನಾನೇ ತೆಗೆಸಿದೆ, ಅದಕ್ಕೆ ಜಗಳ ನಡೆದಿದೆ. ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ನಿನ್ನ ಡ್ಯೂಟಿ ಮುಗಿಯುವಾಗ ಇಲ್ಲಿ ರಾತ್ರಿ ಆಗಿರುತ್ತದೆ, ಆದರೂ ಮಾಡು. ಹತ್ತರ ಮೇಲಾದರೆ ನನ್ನ ನಂಬರಿಗೆ ಮಾಡು. ನಿಮ್ಮವ್ವನ ಫೋನ್ ಆಗ ಚಾರ್ಜಿಗೆ ಹಾಕಿರುತ್ತದೆ.

ನಿನ್ನ
ಅಪ್ಪ