ಗಡಿಯಾರ ಬಿಚ್ಚಿ ತೋರಿಸಿದವರಿಗೆ

ಒಮೆಗಾ ಸ್ಪೀಡ್‌ಮಾಸ್ಟರ್ ಕೈಗಡಿಯಾರವನ್ನು ಹವ್ಯಾಸಕ್ಕೆಂದು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಕಟ್ಟುತ್ತಿದ್ದೆ. ಡಯಲ್, ಮುಳ್ಳು, ಕವಚವೆಲ್ಲ ಚಿತ್ರ ನೋಡಿಯೇ ಮುಗಿದವು. ಒಳಗಿನ, 1861 ಎಂಬ ಮಾದರಿ ಸಂಖ್ಯೆಯ ಯಂತ್ರಕ್ಕೆ ಬಂದಾಗ ದಾರಿ ಕಾಣಲಿಲ್ಲ. ಗಂಟೆಗೆ 21,600 ಬಾರಿ ಅತ್ತಲೋ ಇತ್ತಲೋ ಹೊರಳುತ್ತ ಚಕ್ರವನ್ನು ತಡೆದು ತಡೆದು ಬಿಡುವ ಪುಟ್ಟ ಕವಲು, ಅಂದರೆ ಪ್ಯಾಲೆಟ್ ಫೋರ್ಕ್, ಸಿಕ್ಕ ಚಿತ್ರಗಳಲ್ಲೆಲ್ಲ ಅರ್ಧ ಮರೆಯಾಗಿತ್ತು.

ಪರಿಚಯವೇ ಇಲ್ಲದ ಗಡಿಯಾರ ರಿಪೇರಿಯವರೊಬ್ಬರು ತಾವು ಬಿಚ್ಚಿಟ್ಟಿದ್ದ ಅದೇ ಯಂತ್ರದ ಚಿತ್ರಗಳನ್ನು ಕಳುಹಿಸಿದರು. ಕೇಳದಿದ್ದರೂ ಪ್ರತಿ ಬಿಡಿಭಾಗದ ಪಕ್ಕ ಮಿಲಿಮೀಟರ್ ಪಟ್ಟಿ ಇಟ್ಟಿದ್ದರು. ಫೋರ್ಕನ್ನು ಚಿಮಟದಲ್ಲಿ ತುಸು ಓರೆಯಾಗಿ ಹಿಡಿದಿದ್ದರಿಂದ ಅದರ ಎರಡು ಕೆಂಪು ಹರಳುಗಳ ಇಳಿಜಾರು ಸ್ಪಷ್ಟವಾಗಿ ಕಂಡಿತು. ಮಸುಕಾಗಿದ್ದ ಒಂದು ಚಿತ್ರವನ್ನು ತಾವಾಗಿಯೇ ಮತ್ತೆ ತೆಗೆದು ಕಳುಹಿಸಿದರು.

ಪರದೆಯ ಮೇಲೆ ಚಕ್ರದ ಹಲ್ಲು ಹರಳಿಗೆ ತಾಗಿ, ಪುಟ್ಟ ಮುಳ್ಳು ಸೆಕೆಂಡಿಗೆ 6 ಹೆಜ್ಜೆ ಇಡತೊಡಗಿದಾಗ ಹೋದ ಜೀವ ಬಂದಂತಾಯಿತು. ಹೆಸರು ಹಾಕಬೇಡಿ ಎಂದಿರಿ, ಹಾಕಿಲ್ಲ. ಧನ್ಯವಾದ ಹೇಳದೆ ಮಾತ್ರ ಇರಲಾಗಲಿಲ್ಲ, ಸರ್.