ಸಾಲ ಇಳಿದದ್ದು ಹೇಗೆ ಎಂದೂ ಬರೆಯಿರಿ

ಮಾನ್ಯ ಸಂಪಾದಕರೇ,

ಯಾವುದಾದರೂ ವಿಮಾನ ಕಂಪನಿಯ ದೀರ್ಘಾವಧಿ ಸಾಲ ಹಿಂದಿನ ವರ್ಷಕ್ಕಿಂತ ಕಡಿಮೆಯಾಗಿದೆ ಎಂದು ವಾಣಿಜ್ಯ ಪುಟದಲ್ಲಿ ಬಂದಾಗಲೆಲ್ಲ ಸುದ್ದಿಯ ಧಾಟಿ ಒಂದೇ: ಕಂಪನಿ ಚೇತರಿಸಿಕೊಂಡಿತು. ಬ್ಯಾಂಕಿನ ಸಾಲ ವಿಭಾಗದಲ್ಲೇ ತಲೆ ಬೆಳ್ಳಗಾದ ನನಗೆ ಮೊದಲು ಹೊಳೆಯುವ ಪ್ರಶ್ನೆ ಬೇರೆ. ದುಡ್ಡು ಕಟ್ಟಿ ಇಳಿಸಿದರೋ, ಕಾಗದದ ಮೇಲೆ ಇಳಿಸಿದರೋ?

ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಲೆಕ್ಕವನ್ನೇ ತೆಗೆಯಿರಿ. 2005ರಲ್ಲಿ ಹಾರಾಟ ಶುರು, ಎರಡೇ ವರ್ಷಕ್ಕೆ ಏರ್ ಡೆಕ್ಕನ್‌ನಲ್ಲಿ ಪಾಲು ಖರೀದಿ. ಒಂದು ವರ್ಷವೂ ಲಾಭದ ಮುಖ ಕಾಣದ ಈ ಕಂಪನಿಯ ಸಾಲವನ್ನು 2010ರಲ್ಲಿ ಬ್ಯಾಂಕುಗಳು ಮರುಹೊಂದಿಸಿದವು. ಕಂತಿನ ಗಡುವು ಮುಂದಕ್ಕೆ ಹೋಯಿತು, ಸಾಲದ ಒಂದು ಪಾಲು ಷೇರಾಯಿತು. 2011ರಲ್ಲಿ ಬ್ಯಾಂಕುಗಳು ಆ ಷೇರು ಪಡೆದದ್ದು ತಲಾ 64 ರೂಪಾಯಿ 48 ಪೈಸೆಗೆ. ಪೇಟೆಯಲ್ಲಿ ಆಗ ಅದರ ಬೆಲೆ 40 ರೂಪಾಯಿ ಆಸುಪಾಸು! ಬ್ಯಾಲೆನ್ಸ್ ಶೀಟಿನಿಂದ ಅಷ್ಟು ಸಾಲ ಮಾಯ. ಬ್ಯಾಂಕಿನ ತಿಜೋರಿಗೆ ನಯಾಪೈಸೆ ಬಂದಿರಲಿಲ್ಲ. ಸೊಸೈಟಿಗಳಲ್ಲಿ ಹೊಸ ಸಾಲ ಬರೆದು ಹಳೆಯ ಬೆಳೆಸಾಲ ತೀರಿತೆಂದು ಕಾಗದದಲ್ಲೇ ತೋರಿಸುವ ಬುಕ್ ಅಡ್ಜಸ್ಟ್‌ಮೆಂಟ್‌ನ ದೊಡ್ಡಣ್ಣ ಇದು. 2012ರ ಅಕ್ಟೋಬರಿನಲ್ಲಿ ಹಾರಾಟವೇ ನಿಂತಿತು.

ಕೈಗೆ ಸಿಕ್ಕ ಜಾಮೀನಾದರೂ ಏನು? ವಿಮಾನಗಳಲ್ಲಿ ಬಹುಪಾಲು ಗುತ್ತಿಗೆಯವು, ಕೊಟ್ಟವರು ಬಂದು ಒಯ್ದರು. 4 ಸಾವಿರ ಕೋಟಿಗೂ ಮಿಕ್ಕಿ ಬೆಲೆ ಕಟ್ಟಿ ಅಡವಿಟ್ಟುಕೊಂಡಿದ್ದ ಬ್ರ್ಯಾಂಡನ್ನು 2016ರಲ್ಲಿ 366.70 ಕೋಟಿಗೆ ಹರಾಜಿಗಿಟ್ಟರೆ ಒಬ್ಬರೂ ಕೂಗಲಿಲ್ಲ. ಮುಂಬೈನಲ್ಲಿದ್ದ ಕಂಪನಿಯ ಕಚೇರಿ ಕಿಂಗ್‌ಫಿಷರ್ ಹೌಸ್‌ಗೆ ಮೊದಲ ಹರಾಜಿನಲ್ಲಿ 150 ಕೋಟಿ ಮೂಲಬೆಲೆ. 2021ರಲ್ಲಿ ಹೋದದ್ದು 52 ಕೋಟಿಗೆ. ಸಾಲ ಕೊಟ್ಟವರಲ್ಲಿ ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕ್ ಕೂಡ ಇದ್ದವು. (ಈಗ ಆ ಎರಡು ಬೋರ್ಡುಗಳೂ ಇಲ್ಲ, ಅದು ಬೇರೆ ಮಾತು.)

ಹಣ ಬರಲೇ ಇಲ್ಲ ಎಂದರೂ ತಪ್ಪಾಗುತ್ತದೆ. ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 2017ರಲ್ಲಿ 6,203 ಕೋಟಿ ಹಾಗೂ ಅದರ ಮೇಲೆ ಶೇ 11.5 ಬಡ್ಡಿ ವಸೂಲಿಗೆ ಆದೇಶಿಸಿತು. 14,131 ಕೋಟಿ ಬ್ಯಾಂಕುಗಳಿಗೆ ಮರಳಿದೆ ಎಂದು ಹಣಕಾಸು ಸಚಿವೆ 2024ರ ಡಿಸೆಂಬರಿನಲ್ಲಿ ಲೋಕಸಭೆಗೆ ತಿಳಿಸಿದರು. ಅದರ ದೊಡ್ಡ ಗಂಟು ಬಂದದ್ದು ಕಿಂಗ್‌ಫಿಷರ್ ಒಡೆಯ ವಿಜಯ್ ಮಲ್ಯರ ಕಡೆಯ ಬಿಯರ್ ಕಂಪನಿಯ ಷೇರು ಮಾರಿದ್ದರಿಂದ.

ಏರ್ ಇಂಡಿಯಾದ್ದು ಇನ್ನೊಂದು ಬಗೆ. 2021ರ ಆಗಸ್ಟ್ ಕೊನೆಗೆ ಅದರ ಸಾಲ 61,562 ಕೋಟಿ. ಟಾಟಾದವರು ಹೊತ್ತದ್ದು 15,300 ಕೋಟಿ, ಮಿಕ್ಕ 46,262 ಕೋಟಿ ಸರ್ಕಾರದ್ದೇ ಬೇರೊಂದು ಕಂಪನಿಯ ಖಾತೆಗೆ. ಮುಕ್ಕಾಲು ಸಾಲ ಇಳಿಯಿತು ಎಂದು ಬರೆಯಬಹುದು, ಯಾರ ತಲೆಗೆ ಎಂದೂ ಬರೆಯಬೇಕಲ್ಲ?

ಹಾಗೆಂದು ಸಾಲ ಏರಿದ್ದಕ್ಕೆಲ್ಲ ಗಾಬರಿಯೂ ಬೇಡ. 2019ರಿಂದ ಲೆಕ್ಕದ ನಿಯಮ ಬದಲಾಗಿ, ವಿಮಾನದ ಗುತ್ತಿಗೆ ಬಾಡಿಗೆಯೂ ಹೊಣೆಯ ಪಟ್ಟಿಗೆ ಸೇರಿದೆ. 2024ರ ಮಾರ್ಚ್‌ನಲ್ಲಿ ಇಂಡಿಗೊ ತೋರಿಸಿದ ಸುಮಾರು 51 ಸಾವಿರ ಕೋಟಿ ಸಾಲದಲ್ಲಿ 43 ಸಾವಿರ ಕೋಟಿಗೂ ಹೆಚ್ಚು ಇಂಥದ್ದೇ.

ಮುಂದಿನ ಸಲ ಒಂದು ವರ್ಷದ ಬದಲು ಐದು ವರ್ಷದ ಅಂಕಿ ಅಕ್ಕಪಕ್ಕ ಹಾಕಿ, ಗುತ್ತಿಗೆಯ ಮೊತ್ತ ಬೇರೆ ತೋರಿಸಿ. ವಾರ್ಷಿಕ ವರದಿಯ ನಗದು ಹರಿವಿನ ಪುಟದಲ್ಲಿ ಸಾಲ ತೀರಿಸಿದ್ದೆಷ್ಟು ಎಂಬ ಸಾಲು ಇರುತ್ತದೆ. ಅದರ ಹತ್ತಿರದಲ್ಲೇ ಹೊಸ ಸಾಲ ಎತ್ತಿದ್ದೆಷ್ಟು ಎಂಬುದೂ ಇರುತ್ತದೆ. ನಿಮ್ಮ ವರದಿಗಾರರು ಎರಡನ್ನೂ ಓದಲಿ.

– ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ