ಹಳೆಯ ರೈಲುಹಾದಿ ಸೈಕಲ್‌ಗೆ ಸಿಗಲಿ

ಮಾನ್ಯರೇ,

ಮಗಳ ಮನೆಗೆಂದು ಅಮೆರಿಕದ ಪಿಟ್ಸ್‌ಬರ್ಗ್‌ಗೆ ಹೋಗಿದ್ದಾಗ ‘ಗ್ರೇಟ್ ಅಲೆಘೆನಿ ಪ್ಯಾಸೇಜ್’ ಎಂಬ ಹಾದಿಯಲ್ಲಿ ನಾಲ್ಕು ದಿನ ಸೈಕಲ್ ತುಳಿದೆ. ಅಲ್ಲಿಂದ ಮೇರಿಲ್ಯಾಂಡ್ ರಾಜ್ಯದ ಕಂಬರ್‌ಲ್ಯಾಂಡ್‌ವರೆಗೆ ಸುಮಾರು 240 ಕಿ.ಮೀ. ಉದ್ದವಿರುವ ಈ ಹಾದಿ, ಬಹುಪಾಲು ರೈಲು ನಿಂತುಹೋದ ಮಾರ್ಗಗಳ ಮೇಲೆಯೇ ರೂಪುಗೊಂಡು 2013ರಲ್ಲಿ ಪೂರ್ಣವಾಯಿತು. ಮೋಟಾರು ವಾಹನಗಳಿಗೆ ಇಲ್ಲಿ ಪ್ರವೇಶವಿಲ್ಲ. ಡಾಂಬರಿನ ಬದಲು ಸುಣ್ಣಕಲ್ಲಿನ ಪುಡಿಜಲ್ಲಿಯನ್ನು ಗಟ್ಟಿಯಾಗಿ ಹಾಸಿರುವುದರಿಂದ, ಟೈರಿನಡಿಯ ಸರಸರ ಸದ್ದನ್ನು ಬಿಟ್ಟರೆ ಕಾಡಿನ ನಡುವೆ ಕೇಳಿಸುವುದು ಹಕ್ಕಿಗಳ ದನಿ ಮತ್ತು ಹೊಳೆಯ ಮೊರೆತ ಮಾತ್ರ. ರೈಲಿಗೆಂದು ಕಡಿದ ದಾರಿಯಾದ್ದರಿಂದ ಏರು ಬಹಳ ಸೌಮ್ಯ. ಅರವತ್ತು ದಾಟಿದ ನಾನೂ ಸುಮಾರು 730 ಮೀಟರ್ ಎತ್ತರದ ನೆತ್ತಿಯನ್ನು ಸೈಕಲ್ಲಿನಿಂದ ಇಳಿಯದೆಯೇ ತಲುಪಿದೆ. ಅದರಾಚೆ ಸುಮಾರು ಒಂದು ಕಿ.ಮೀ. ಉದ್ದದ ಬಿಗ್ ಸ್ಯಾವೇಜ್ ಸುರಂಗ. ಅದರ ತಂಪಿನಿಂದ ಹೊರಬಂದೊಡನೆ ಕಣ್ಣೆದುರು ತೆರೆದುಕೊಂಡ ನೀಲಿ ಬೆಟ್ಟಸಾಲನ್ನು ನೋಡುತ್ತಾ ಬಹಳ ಹೊತ್ತು ನಿಂತುಬಿಟ್ಟೆ.

ನಮ್ಮ ಮಲೆನಾಡಿನಲ್ಲೂ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಕಿರುರೈಲು ಓಡುತ್ತಿತ್ತು. ಹಿನ್ನೀರು ಮತ್ತು ವನ್ಯಜೀವಿ ಪ್ರದೇಶಗಳನ್ನು ಮುಟ್ಟದೆ, ಆ ಹಾದಿಯಲ್ಲಿ ಉಳಿದಿರುವ ತುಣುಕುಗಳ ಸರ್ವೆ ನಡೆಸಿ, ಕೆಲವು ಕಿಲೋಮೀಟರುಗಳನ್ನಾದರೂ ಸೈಕಲ್ ಸವಾರರಿಗೂ ನಡೆಯುವವರಿಗೂ ಬಿಟ್ಟುಕೊಡಲು ಸಾಧ್ಯವೇ ಎಂಬುದನ್ನು ಪ್ರವಾಸೋದ್ಯಮ ಮತ್ತು ಅರಣ್ಯ ಇಲಾಖೆಗಳು ಒಟ್ಟಾಗಿ ಪರಿಶೀಲಿಸಬೇಕೆಂದು ಕೋರುತ್ತೇನೆ. ಕಾಂಕ್ರೀಟು ಬೇಡ, ಮಳೆನೀರು ಹರಿದುಹೋಗಲು ಚರಂಡಿಯಿರುವ ಜಲ್ಲಿ ಹಾದಿಯೇ ಸಾಕು.

– ಒಬ್ಬ ಓದುಗ, ತರೀಕೆರೆ